ಗಣಕಯಂತ್ರದ ಬಾಯಿ ಕಟ್ಟಿದಾಗ



ಕಳೆದ ವರ್ಷ ಒಂದು ಶನಿವಾರ ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ನಡೆದ ಸಂಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗಡಿಯಾಚೆಯ ಶಾಲೆಯೊಂದು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕಥೆ ಹೇಳುವ ಸ್ಪರ್ಧೆಯನ್ನು ಏರ್ಪಡಿಸಿತ್ತು. ದೂರದ ಶಾಲೆಯವರು ತಮ್ಮ ತಮ್ಮ ಊರಿನಲ್ಲೇ ಕುಳಿತು ವೀಡಿಯೋ ಕರೆಯ ಮೂಲಕ ಭಾಗವಹಿಸಬಹುದೆಂದು ತಿಳಿಸಿದ್ದರು. ನಮ್ಮ ಕಡೆಯಿಂದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸಿದ್ಧಳಾಗಿದ್ದಳು. ತಳಿ ರಸ್ತೆಯ ಕಡೆಯ ಹಳ್ಳಿಯವಳು. ರಾಗಿ ಹೊಲಕ್ಕೆ ಆನೆ ನುಗ್ಗಿದ ರಾತ್ರಿಯ ಕಥೆಯನ್ನು ತನ್ನ ಅಜ್ಜಿಯಿಂದ ಕೇಳಿ ಕಲಿತು, ಅಜ್ಜಿಯ ಮಾತಿನ ಧಾಟಿಯಲ್ಲೇ ಹೇಳಲು ಎರಡು ವಾರ ಅಭ್ಯಾಸ ಮಾಡಿದ್ದಳು.

ಅವಳ ಸರದಿ ಬಂತು. ಅವಳು ಕಥೆ ಆರಂಭಿಸಿದಳು. ಅತ್ತ ಕಡೆಯ ತೀರ್ಪುಗಾರರು ಕಿವಿಯ ಬಳಿ ಕೈಯಾಡಿಸಿ ಏನೂ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡಿದರು. ಅವರ ಮಾತು ನಮಗೆ ಚೆನ್ನಾಗಿ ಕೇಳುತ್ತಿತ್ತು, ನಮ್ಮ ಚಿತ್ರ ಅವರಿಗೆ ಕಾಣುತ್ತಿತ್ತು, ಅವಳ ದನಿ ಮಾತ್ರ ಹೋಗಲಿಲ್ಲ. ನಾನು ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದೆ, ಬೇರೆ ಮೈಕು ತಂದು ಹಾಕಿದೆ, ಪೆಟ್ಟಿಗೆಯನ್ನು ಒಂದೆರಡು ಬಾರಿ ತಟ್ಟಿಯೂ ನೋಡಿದೆ. ಅವಳಿಗೆ ಗೊತ್ತುಪಡಿಸಿದ್ದ ಐದು ನಿಮಿಷ ಹೀಗೆಯೇ ಕಳೆದುಹೋಯಿತು. ಮುಂದಿನ ಶಾಲೆಯ ಹೆಸರನ್ನು ಕರೆದರು. ಆ ಹುಡುಗಿ ಅಳಲಿಲ್ಲ. "ಅವರಿಗೆ ಒಂದು ಮಾತೂ ಕೇಳಲಿಲ್ಲವಾ ಸಾರ್?" ಎಂದಷ್ಟೇ ಕೇಳಿದಳು. ಹೊಸೂರಿನ ಸುತ್ತಿನ ಹಳ್ಳಿಯ ಕನ್ನಡವನ್ನು ಆ ಊರಿನವರು ಕೇಳುವ ಅವಕಾಶ ವರ್ಷಕ್ಕೊಮ್ಮೆ ಬಂದದ್ದು. ಆದ್ದರಿಂದ ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಸೋಮವಾರ ಯಂತ್ರವನ್ನು ಚೀಲದಲ್ಲಿಟ್ಟು ದುರಸ್ತಿಯ ಅಂಗಡಿಗೆ ಕೊಂಡೊಯ್ದೆ. ಅಲ್ಲಿಯವರು ಅದನ್ನು ಬಿಚ್ಚದೆಯೇ, "ಸೌಂಡ್ ಕಾರ್ಡ್ ಹೋಗಿದೆ, ಬದಲಾಯಿಸಬೇಕು" ಎಂದರು. ಶಾಲೆಯ ಖರ್ಚಿನ ವಿಷಯವಾದ್ದರಿಂದ ಕೇಳಿ ಹೇಳುತ್ತೇನೆಂದು ಮರಳಿ ತಂದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಇದನ್ನು ಕೇಳಿ, "ಸಾರ್, ಹಾಡು ಹಾಕಿದರೆ ಸೌಂಡು ಬರುತ್ತದಲ್ಲಾ, ಕಾರ್ಡೇ ಹೋಗಿದ್ದರೆ ಅದು ಹೇಗೆ ಬರುತ್ತದೆ?" ಎಂದು ಕೇಳಿದ. ನಾನು ತಬ್ಬಿಬ್ಬಾದೆ. ಆಮೇಲೆ ಇಬ್ಬರೂ ಕುಳಿತು ಹಿಂದಿನದನ್ನು ನೆನೆದೆವು. ಶುಕ್ರವಾರ ಸಂಜೆ ಶಾಲೆ ಬಿಡುವಾಗ ತೆರೆಯ ಮೇಲೆ, ಅಪ್‌ಡೇಟ್ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ ಎಂಬ ಸೂಚನೆ ಬಂದಿತ್ತು. ಗುರುವಾರದವರೆಗೆ ಮೈಕು ಸರಿಯಾಗಿತ್ತು, ಶನಿವಾರ ಕೆಟ್ಟಿತು. ನಡುವೆ ನಡೆದದ್ದು ಅದೊಂದೇ. ಹುಡುಕಿದಾಗ ಕಂಡದ್ದು ತೆರೆಯ ಮೇಲಿನ ಒಂದು ಸಣ್ಣ ಗುಂಡಿ ಆರಿದ್ದು ಮಾತ್ರ. ಅದನ್ನು ಒತ್ತಿದೊಡನೆ ಮೈಕಿಗೆ ಜೀವ ಬಂತು. ಆ ಗುಂಡಿಯ ವಿಷಯ ಮುಂದೆ ಹೇಳುತ್ತೇನೆ. ಶನಿವಾರ ಇದು ನನಗೆ ತಿಳಿದಿದ್ದರೆ ಎಂಬ ಪಶ್ಚಾತ್ತಾಪದಿಂದಲೇ ಈ ಪಾಠವನ್ನು ಬರೆಯುತ್ತಿದ್ದೇನೆ.

ಮೊದಲು ದನಿಯು ಹೋಗುವ ದಾರಿಯನ್ನು ತಿಳಿಯೋಣ. ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಶಬ್ದವೆಂದರೆ ಗಾಳಿಯ ಕಂಪನವೆಂದು ಓದಿದ್ದೀರಿ. ಮೈಕಿನೊಳಗೆ ಬಹು ತೆಳುವಾದ ಒಂದು ಪರದೆಯಿದೆ. ಗಾಳಿ ಕಂಪಿಸಿದಂತೆ ಆ ಪರದೆಯೂ ಕಂಪಿಸಿ ಅಲ್ಪ ಪ್ರಮಾಣದ ವಿದ್ಯುತ್ತಿನ ಏರಿಳಿತವನ್ನು ಉಂಟುಮಾಡುತ್ತದೆ. ನಮ್ಮ ಶಾಲೆಯಲ್ಲಿರುವ ಅಗ್ಗದ ಮೈಕುಗಳು ಎಲೆಕ್ಟ್ರೆಟ್ ಎಂಬ ಜಾತಿಯವು. ಇವುಗಳನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು ರೂಪಿಸಿದರು. ಈ ಏರಿಳಿತವು ವೈರಿನ ಮೂಲಕ ಗಣಕಯಂತ್ರದ ಧ್ವನಿ ಭಾಗವನ್ನು ತಲಪುತ್ತದೆ. ಅಲ್ಲಿ ಅದನ್ನು ಅಂಕಿಗಳಾಗಿ ಬದಲಾಯಿಸುತ್ತಾರೆ. ಅಡಕಮುದ್ರಿಕೆ, ಅಂದರೆ ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದೆಂದು ಗುರುತು ಹಾಕುತ್ತಾರೆ. ನೀವು "ಅಮ್ಮ" ಎಂದು ಒಮ್ಮೆ ಕೂಗುವಷ್ಟರಲ್ಲಿ ಸಾವಿರಾರು ಅಂಕಿಗಳು ಹುಟ್ಟಿರುತ್ತವೆ. ಈ ಅಂಕಿಗಳನ್ನು ವ್ಯವಸ್ಥಾ ತಂತ್ರಾಂಶವು, ಎಂದರೆ ವಿಂಡೋಸ್ ಅಥವಾ ಲಿನಕ್ಸ್, ಪಡೆದುಕೊಂಡು ಕೇಳಿದ ತಂತ್ರಾಂಶಕ್ಕೆ ಕೊಡುತ್ತದೆ. ಅದು ಅಂತರಜಾಲದ ಮೂಲಕ ಆಚೆಗೆ ಕಳುಹಿಸುತ್ತದೆ.

ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗದ್ದೆಗೆ ನೀರು ಬಾರದಿದ್ದರೆ ರೈತನು ತಕ್ಷಣ ಅಣೆಕಟ್ಟು ಒಡೆದಿದೆ ಎನ್ನುವುದಿಲ್ಲ. ತನ್ನ ಹೊಲದ ಬದುವಿನಿಂದ ಹೊರಟು ಒಂದೊಂದು ತೂಬನ್ನೂ ನೋಡುತ್ತ ಮೇಲಕ್ಕೆ ನಡೆಯುತ್ತಾನೆ. ಎಲ್ಲೋ ಒಂದು ಕಡೆ ಯಾರೋ ಹಲಗೆ ಇಳಿಸಿರುತ್ತಾರೆ. ದನಿಯ ಕಾಲುವೆಯಲ್ಲೂ ಹಾಗೆಯೇ ಐದಾರು ತೂಬುಗಳಿವೆ. ಅಪ್‌ಡೇಟ್ ಆದ ಮರುದಿನ ದನಿ ನಿಂತರೆ, ನೂರರಲ್ಲಿ ತೊಂಬತ್ತು ಸಲ ಎಂದು ಲೆಕ್ಕ ಹೇಳಲಾರೆ, ಆದರೆ ನನ್ನ ಅನುಭವದಲ್ಲಿ ಹೆಚ್ಚಿನ ಸಲ, ಮೈಕು ಸುಟ್ಟಿರುವುದಿಲ್ಲ. ತೂಬು ಮುಚ್ಚಿರುತ್ತದೆ.

ಅಪ್‌ಡೇಟ್ ಎಂದರೇನು, ಅದು ದನಿಯ ತಂಟೆಗೇಕೆ ಬರಬೇಕು ಎಂದು ಕೇಳಬಹುದು. ವ್ಯವಸ್ಥಾ ತಂತ್ರಾಂಶದಲ್ಲಿ ಕಳ್ಳರು ನುಗ್ಗುವ ಸಂದುಗಳು ದಿನವೂ ಪತ್ತೆಯಾಗುತ್ತಿರುತ್ತವೆ. ಅವನ್ನು ಮುಚ್ಚಲು ತಯಾರಕರು ತಿಂಗಳಿಗೊಮ್ಮೆಯಾದರೂ ತೇಪೆಗಳನ್ನು ಕಳುಹಿಸುತ್ತಾರೆ. ವರ್ಷಕ್ಕೊಮ್ಮೆ ಹೊಸ ಸೌಲಭ್ಯಗಳ ದೊಡ್ಡ ಕಂತೆ ಬರುತ್ತದೆ. ಆದ್ದರಿಂದ ಅಪ್‌ಡೇಟ್ ಬೇಡವೆಂದು ನಿಲ್ಲಿಸಿಬಿಡುವುದು ಕಳ್ಳನ ಭಯವಿಲ್ಲವೆಂದು ಬಾಗಿಲು ತೆಗೆದು ಮಲಗಿದಂತೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದದ್ದರಿಂದ, ಆ ಸುಮಾರಿಗೆ ಅನೇಕರು ಒಮ್ಮೆಲೇ ವಿಂಡೋಸ್ 11ಕ್ಕೆ ಬದಲಾಯಿಸಿಕೊಂಡರು. ಇಡೀ ಮನೆಯನ್ನು ಬದಲಾಯಿಸುವಾಗ ಒಂದೆರಡು ಪಾತ್ರೆ ಕಾಣೆಯಾಗುವಂತೆ ಹಳೆಯ ಹೊಂದಾಣಿಕೆಗಳು ಅಲ್ಲಿ ಇಲ್ಲಿ ಅಳಿಸಿಹೋಗುತ್ತವೆ.

ಇನ್ನೊಂದು ಕಾರಣವಿದೆ. ಅದನ್ನು ತಿಳಿಯಲು ನಮ್ಮ ಊರಿನ ಮಕ್ಕಳಿಗಿಂತ ಯೋಗ್ಯರಿಲ್ಲ. ಕನ್ನಡ ಮಾತ್ರ ಬಲ್ಲ ಅಜ್ಜಿ ತಮಿಳು ಮಾತ್ರ ಬಲ್ಲ ಅಧಿಕಾರಿಯ ಮುಂದೆ ನಿಂತಾಗ ನಡುವೆ ನಿಂತು ಮಾತು ತಿಳಿಸುವ ಮೊಮ್ಮಕ್ಕಳು ನೀವೇ ಅಲ್ಲವೇ? ಗಣಕಯಂತ್ರದಲ್ಲಿಯೂ ಇಂಥ ದುಭಾಷಿಗಳಿದ್ದಾರೆ. ಧ್ವನಿ ಭಾಗವನ್ನು ಒಂದು ಕಂಪನಿ ಮಾಡಿರುತ್ತದೆ, ವ್ಯವಸ್ಥಾ ತಂತ್ರಾಂಶವನ್ನು ಇನ್ನೊಂದು ಕಂಪನಿ. ಒಂದರ ಮಾತು ಒಂದಕ್ಕೆ ತಿಳಿಯದು. ನಡುವೆ ನಿಂತು ತಿಳಿಸುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಬಸ್ಸಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ. ಅಪ್‌ಡೇಟ್ ಬಂದಾಗ ಹಳೆಯ ದುಭಾಷಿಯನ್ನು ಕಳುಹಿಸಿ ಹೊಸಬನನ್ನು ನೇಮಿಸುವುದುಂಟು. ಹೊಸಬನಿಗೆ ಅಜ್ಜಿಯ ಹಳ್ಳಿಮಾತು ತಿಳಿಯದಿದ್ದರೆ ಅಲ್ಲಿಗೆ ಸಂಭಾಷಣೆ ನಿಂತಿತು.

ಇದು ಬರಿಯ ಊಹೆಯಲ್ಲ. 2018ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ಸ್ಮಾರ್ಟ್ ಸೌಂಡ್ ಟೆಕ್ನಾಲಜಿ ಎಂಬ ಡ್ರೈವರಿನ ಒಂದು ಆವೃತ್ತಿಯು, ಯಾರಿಗೆ ಅದು ಬೇಕಿರಲಿಲ್ಲವೋ ಅಂಥ ಯಂತ್ರಗಳಿಗೂ ಪ್ರಮಾದದಿಂದ ವಿಂಡೋಸ್ ಅಪ್‌ಡೇಟಿನ ಮೂಲಕ ಹೋಗಿಬಿಟ್ಟಿತು. ಚೆನ್ನಾಗಿದ್ದ ಡ್ರೈವರನ್ನು ತಳ್ಳಿ ತಾನು ಕುಳಿತುಕೊಂಡಿತು. ಎಷ್ಟೋ ಯಂತ್ರಗಳ ದನಿ ಬೆಳಗಾಗುವಷ್ಟರಲ್ಲಿ ನಿಂತುಹೋಯಿತು. ಆಮೇಲೆ ಮೈಕ್ರೋಸಾಫ್ಟ್ ಸಂಸ್ಥೆಯು ಆ ಡ್ರೈವರನ್ನು ತೆಗೆದುಹಾಕಲೆಂದೇ ಇನ್ನೊಂದು ಅಪ್‌ಡೇಟನ್ನು ಕಳುಹಿಸಿತು. 2024ರ ಡಿಸೆಂಬರಿನಲ್ಲಿ, ಡಿರಾಕ್ ಎಂಬ ಧ್ವನಿ ಸುಧಾರಣೆಯ ತಂತ್ರಾಂಶವಿದ್ದ ಕೆಲವು ಯಂತ್ರಗಳಲ್ಲಿ ವಿಂಡೋಸ್ 11ರ ಹೊಸ ಆವೃತ್ತಿ ಬಂದ ಮೇಲೆ ಧ್ವನಿವರ್ಧಕಗಳು ಮೌನವಾದವು. 2025ರ ಜನವರಿಯ ಭದ್ರತಾ ಅಪ್‌ಡೇಟಿನ ನಂತರ ಯು.ಎಸ್.ಬಿ. ಮೂಲಕ ಸೇರಿಸುವ ಕೆಲವು ಹಳೆಯ ಮಾದರಿಯ ಧ್ವನಿ ಉಪಕರಣಗಳು ಕೆಲಸ ನಿಲ್ಲಿಸಿದವು. ಇಂಥ ಸಂದರ್ಭಗಳಲ್ಲಿ ಹೊಸ ಸೌಂಡ್ ಕಾರ್ಡಿಗೆ ಹಣ ಸುರಿದವರೂ ಇದ್ದಿರಬೇಕು.

ಇನ್ನು ಕಾಲುವೆಯ ಗುಂಟ ನಡೆಯೋಣ.

ಎಲ್ಲಕ್ಕಿಂತ ಮೊದಲು ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡತಕ್ಕದ್ದು. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಸಾಲದೇ ಎಂದರೆ ಸಾಲದು. ಇದೊಂದು ವಿಚಿತ್ರ. ಬೇಗ ಏಳಲೆಂದು ವಿಂಡೋಸ್ ಶಟ್‌ಡೌನ್ ಆಗುವಾಗ ತನ್ನ ಒಳಗಿನ ಸ್ಥಿತಿಯನ್ನು ಬರೆದಿಟ್ಟುಕೊಂಡು, ಎದ್ದಾಗ ಅದನ್ನೇ ಓದಿಕೊಳ್ಳುತ್ತದೆ. ಆದ್ದರಿಂದ ಡ್ರೈವರಿನ ಗೊಂದಲವೂ ಹಾಗೆಯೇ ಉಳಿಯುತ್ತದೆ. ರೀಸ್ಟಾರ್ಟ್ ಎಂದು ಒತ್ತಿದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಅದೂ ಪೂರ್ಣವಾಗುತ್ತದೆ.

ಆಮೇಲೆ ಕಣ್ಣಿಗೆ ಕಾಣುವ ತೂಬುಗಳು. ಮೇಜಿನ ಮೇಲಿನ ಯಂತ್ರದಲ್ಲಿ ಗುಲಾಬಿ ಬಣ್ಣದ ತೂತು ಮೈಕಿಗೆ, ಹಸಿರು ಬಣ್ಣದ್ದು ಧ್ವನಿವರ್ಧಕಕ್ಕೆ. ಗುಲಾಬಿ ಬೆಳೆಯುವ ಊರಿನವರಾದ ನಮಗೆ ನೆನಪಿಡುವುದು ಕಷ್ಟವಲ್ಲ. ಕಿವಿಗೆ ಹಾಕುವ ಉಪಕರಣದ ವೈರಿನ ನಡುವೆ ಒಂದು ಸಣ್ಣ ಗುಂಡಿಯಿರುತ್ತದೆ, ಅದನ್ನು ಜಾರಿಸಿದರೆ ಮೈಕು ಆರುತ್ತದೆ. ಮಡಿಲ ಗಣಕಗಳಲ್ಲಿ ಮೇಲಿನ ಸಾಲಿನ ಕೀಲಿಯೊಂದರ ಮೇಲೆ ಗೀಟು ಎಳೆದ ಮೈಕಿನ ಚಿತ್ರವಿರುತ್ತದೆ, ಅದರ ದೀಪ ಉರಿಯುತ್ತಿದ್ದರೆ ಮೈಕು ಆರಿದೆಯೆಂದು ಅರ್ಥ. ಒಂದು ಕಡೆ ಹುಡುಗರು ತಪ್ಪುವುದನ್ನು ಬಹಳ ಸಲ ಕಂಡಿದ್ದೇನೆ. ಮೊಬೈಲಿನ ಇಯರ್‌ಫೋನನ್ನು ತಂದು ಹಸಿರು ತೂತಿಗೆ ಚುಚ್ಚುತ್ತಾರೆ. ಹಾಡು ಕೇಳುತ್ತದೆ, ಮಾತು ಹೋಗುವುದಿಲ್ಲ. ಮೊಬೈಲಿನ ಪಿನ್ನನ್ನು ಹತ್ತಿರದಿಂದ ನೋಡಿರಿ. ಅದರಲ್ಲಿ ಮೂರು ಕಪ್ಪು ಉಂಗುರಗಳಿದ್ದು ಲೋಹವು ನಾಲ್ಕು ತುಂಡಾಗಿದೆ. ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಭೂಸಂಪರ್ಕಕ್ಕೆ ಒಂದು, ಮೈಕಿಗೆ ಒಂದು. ಹಳೆಯ ಯಂತ್ರದ ಹಸಿರು ತೂತಿನಲ್ಲಿ ಮೂರಕ್ಕೆ ಮಾತ್ರ ಸ್ಥಳವಿದೆ. ಒಂದನ್ನು ಎರಡಾಗಿ ಕವಲೊಡೆಸುವ ಅಗ್ಗದ ತಂತಿ ಹೊಸೂರಿನ ಅಂಗಡಿಗಳಲ್ಲಿ ಸಿಗುತ್ತದೆ. ಅಪ್‌ಡೇಟಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಪಾಪ, ಅಪ್‌ಡೇಟಿನ ಮೇಲೆಯೇ ಅಪವಾದ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿಯಿದ್ದರೆ ಯಾವ ಸಾಧನದಿಂದ ಯಂತ್ರ ಕೇಳುತ್ತಿದೆ ಎಂಬುದನ್ನು ನೋಡಬೇಕು. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಅದರಲ್ಲಿ ಸೌಂಡ್. ಅಲ್ಲಿ ಔಟ್‌ಪುಟ್ ಎಂದರೆ ಯಂತ್ರವು ಮಾತಾಡುವ ಬಾಯಿ, ಇನ್‌ಪುಟ್ ಎಂದರೆ ಅದು ಕೇಳುವ ಕಿವಿ. ಯಂತ್ರಕ್ಕೆ ಒಂದಕ್ಕಿಂತ ಹೆಚ್ಚು ಕಿವಿಗಳಿರಬಹುದು. ಕ್ಯಾಮೆರಾದಲ್ಲಿ ಒಂದು ಮೈಕು, ಪೆಟ್ಟಿಗೆಯಲ್ಲಿ ಒಂದು, ವೈರಿನಲ್ಲಿ ಬಂದದ್ದು ಒಂದು. ಅಪ್‌ಡೇಟ್ ಆದ ಮೇಲೆ ಯಂತ್ರವು ತನ್ನಿಷ್ಟಕ್ಕೆ ಬೇರೊಂದು ಕಿವಿಯನ್ನು ಆರಿಸಿಕೊಂಡಿರುವುದುಂಟು. ನೀವು ಬಲಗಿವಿಯಲ್ಲಿ ಹೇಳುತ್ತಿದ್ದರೆ ಅದು ಎಡಗಿವಿ ಕೊಟ್ಟು ಕುಳಿತಿರುತ್ತದೆ. ನಿಮಗೆ ಬೇಕಾದ ಮೈಕನ್ನು ಆರಿಸಿ, ಏನಾದರೂ ಮಾತನಾಡಿರಿ. ಪಕ್ಕದಲ್ಲಿರುವ ಪಟ್ಟಿ ಅಲುಗಾಡಿದರೆ ಮೈಕು, ವೈರು, ಡ್ರೈವರು ಮೂರೂ ಸರಿಯಾಗಿವೆ ಎಂದು ಗಟ್ಟಿಯಾಗಿ ಹೇಳಬಹುದು. ಈ ಪಟ್ಟಿಯೇ ನಮ್ಮ ಪಾಠದ ಮುಖ್ಯವಾದ ಗುರುತು. ಇದು ಅಲುಗಿದರೆ ದೋಷ ಇದರ ಮುಂದಿದೆ. ಅಲುಗದಿದ್ದರೆ ದೋಷ ಇದರ ಹಿಂದಿರಬೇಕು. ಮೈಕಿನ ಹೆಸರೇ ಅಲ್ಲಿ ಇಲ್ಲವಾದರೆ ಕೆಳಗೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಎಂಬುದನ್ನು ಒತ್ತಿ, ರೆಕಾರ್ಡಿಂಗ್ ಎಂಬ ಹಾಳೆಯ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ಆರಿಸಿಟ್ಟ ಸಾಧನಗಳನ್ನೂ ತೋರಿಸೆಂದು ಕೇಳಬೇಕು. ಮಸುಕಾಗಿ ಕಾಣುವ ಮೈಕನ್ನು ಎನೇಬಲ್ ಮಾಡಬೇಕು.

ಬಾಯಿಯ ಕಡೆಯ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ಎಚ್.ಡಿ.ಎಂ.ಐ. ವೈರಿನಲ್ಲಿ ಚಿತ್ರದ ಜೊತೆಗೆ ದನಿಯೂ ಹೋಗುತ್ತದೆ. ಆದ್ದರಿಂದ ಅಪ್‌ಡೇಟಿನ ನಂತರ ಯಂತ್ರವು ತೆರೆಯನ್ನೇ ಧ್ವನಿವರ್ಧಕವೆಂದು ತಿಳಿಯಬಹುದು. ತೆರೆಯಲ್ಲಿ ಧ್ವನಿವರ್ಧಕವೇ ಇಲ್ಲದಿದ್ದರೆ ಹಾಡೆಲ್ಲ ಬಾವಿಗೆ ಬಿದ್ದ ಹಾಗೆ. ಔಟ್‌ಪುಟ್‌ನಲ್ಲಿ ಸ್ಪೀಕರ್ ಎಂಬುದನ್ನು ಆರಿಸಿದರೆ ಸರಿಹೋಗುತ್ತದೆ.

ಈಗ ನಮ್ಮನ್ನು ಕೆಡಿಸಿದ ಗುಂಡಿಗೆ ಬರೋಣ. ಗಣಕಯಂತ್ರದ ಮೈಕನ್ನು ಗುಟ್ಟಾಗಿ ತೆರೆದು ಮನೆಯ ಮಾತು ಕದ್ದು ಕೇಳುವ ದುಷ್ಟ ತಂತ್ರಾಂಶಗಳಿವೆ. ಅದಕ್ಕಾಗಿ ಯಾವ ತಂತ್ರಾಂಶ ಮೈಕನ್ನು ಮುಟ್ಟಬಹುದು ಎಂಬುದಕ್ಕೆ ನಮ್ಮ ಅನುಮತಿ ಬೇಕೆಂದು ಮಾಡಿದ್ದಾರೆ. ಒಳ್ಳೆಯ ಏರ್ಪಾಡು. ಆದರೆ ದೊಡ್ಡ ಅಪ್‌ಡೇಟ್ ಬಂದಾಗ ಅನುಮತಿಯ ಗುಂಡಿ ಆರಿಹೋಗುವುದುಂಟು. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಎಂಬಲ್ಲಿ ಮೈಕ್ರೋಫೋನ್ ಎಂದಿದೆ. ಒಳಗೆ ಹೋದರೆ ಮೇಲಿನದು ಇಡೀ ಯಂತ್ರಕ್ಕೆ ಸಂಬಂಧಿಸಿದ ಗುಂಡಿ. ಅದರ ಕೆಳಗಿನದು ತಂತ್ರಾಂಶಗಳಿಗೆ. ಪಟ್ಟಿಯನ್ನೆಲ್ಲ ದಾಟಿ ತೀರ ಕೆಳಗೆ ಹೋದರೆ ಡೆಸ್ಕ್‌ಟಾಪ್ ಆಪ್ಸ್ ಎಂಬ ಇನ್ನೊಂದು ಗುಂಡಿಯಿದೆ. ಕ್ರೋಮ್, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳು ಈ ಕೊನೆಯದಕ್ಕೆ ಸೇರಿದವು. ನಮ್ಮ ಯಂತ್ರದಲ್ಲಿ ಮೇಲಿನ ಎರಡೂ ಹೊತ್ತಿದ್ದವು, ಕೊನೆಯದು ಆರಿತ್ತು. ಅದಕ್ಕೇ ಅಲುಗಾಡುವ ಪಟ್ಟಿ ಅಲುಗುತ್ತಿತ್ತು, ಮಾತು ಮಾತ್ರ ಬ್ರೌಸರಿಗೆ ತಲಪುತ್ತಿರಲಿಲ್ಲ. ಎರಡು ಗುಂಡಿ ನೋಡಿ ಸರಿಯಿದೆ ಎಂದುಕೊಂಡು ಮೇಲೆದ್ದಿದ್ದರೆ ಇನ್ನೂ ಹುಡುಕುತ್ತಲೇ ಇರುತ್ತಿದ್ದೆವು.

ಬ್ರೌಸರಿಗೂ ತನ್ನದೇ ಒಂದು ಕಾವಲಿದೆ. ಮೇಲೆ ವಿಳಾಸ ಬರೆಯುವ ಪಟ್ಟಿಯ ಎಡತುದಿಯಲ್ಲಿರುವ ಸಣ್ಣ ಚಿಹ್ನೆಯನ್ನು ಒತ್ತಿದರೆ ಆ ತಾಣಕ್ಕೆ ಮೈಕಿನ ಅನುಮತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಎಂದೋ ಒಮ್ಮೆ ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಅದು ಅದನ್ನು ನೆನಪಿಟ್ಟುಕೊಂಡು ಮತ್ತೆ ಕೇಳುವುದೇ ಇಲ್ಲ.

ಪಟ್ಟಿ ಅಲುಗದೇ ಇದ್ದರೆ ಡ್ರೈವರಿನ ಬಳಿಗೆ ಹೋಗಬೇಕು. ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಸೌಂಡ್, ವೀಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್ ಎಂಬ ಸಾಲಿನ ಕೆಳಗೆ ನಿಮ್ಮ ಧ್ವನಿ ಭಾಗದ ಹೆಸರಿರುತ್ತದೆ. ಅನೇಕ ಯಂತ್ರಗಳಲ್ಲಿ ಅದು ರಿಯಲ್‌ಟೆಕ್ ಎಂದಿರುತ್ತದೆ. ಅದರ ಮೇಲೆ ಹಳದಿ ಗುರುತು ಇದ್ದರೆ ದುಭಾಷಿಗೂ ಯಂತ್ರಕ್ಕೂ ಮಾತು ಬಿಟ್ಟಿದೆ ಎಂದು ತಿಳಿಯಿರಿ. ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಎಂಬ ಹಾಳೆಯಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಕೆಲಸದಿಂದ ಕಳುಹಿಸಿದ್ದ ಹಳೆಯ ದುಭಾಷಿ ಮರಳಿ ಬರುತ್ತಾನೆ. ಆ ಗುಂಡಿ ಮಸುಕಾಗಿದ್ದರೆ ಹಳಬನನ್ನು ಉಳಿಸಿಲ್ಲವೆಂದು ಅರ್ಥ. ಆಗ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಬೇಕು. ಇದನ್ನು ಕೇಳಿ ಹೆದರುವವರೇ ಹೆಚ್ಚು. ನಾನೂ ಹೆದರಿದ್ದೆ. ಆದರೆ ಯಂತ್ರವು ಎದ್ದಾಗ ಡ್ರೈವರ್ ಇಲ್ಲದ್ದನ್ನು ತಾನೇ ಕಂಡು ಮತ್ತೆ ಹಾಕಿಕೊಳ್ಳುತ್ತದೆ. ವಿಶೇಷದ್ದು ಸಿಗದಿದ್ದರೆ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಎಂಬ ಸಾಮಾನ್ಯ ಡ್ರೈವರನ್ನಾದರೂ ಹಾಕಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಯಂತ್ರದ ತಯಾರಕರ ಅಧಿಕೃತ ತಾಣದಿಂದ, ಯಂತ್ರದ ಮಾದರಿಯ ಸಂಖ್ಯೆಯನ್ನು ನೋಡಿಕೊಂಡು, ಡ್ರೈವರನ್ನು ಇಳಿಸಿಕೊಳ್ಳಬೇಕು.

ಕೆಲವೊಮ್ಮೆ ಡ್ರೈವರು ಸರಿಯಿದ್ದು ದನಿಯನ್ನು ಹಂಚುವ ಸೇವೆ ನಿಂತಿರುತ್ತದೆ. ಹುಡುಕುವ ಪಟ್ಟಿಯಲ್ಲಿ ಸರ್ವಿಸಸ್ ಎಂದು ಬೆರಳಚ್ಚಿಸಿ ತೆರೆದು, ವಿಂಡೋಸ್ ಆಡಿಯೋ ಮತ್ತು ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್ ಎಂಬೆರಡು ಸಾಲುಗಳ ಎದುರು ರನ್ನಿಂಗ್ ಎಂದಿದೆಯೇ ನೋಡಿರಿ. ದನಿ ಬರುತ್ತಿದ್ದರೂ ಒಡೆದ ಮಡಕೆಯಂತೆ ಕೇಳಿದರೆ ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಎಂಬುದನ್ನು ಆರಿಸಿ ನೋಡಬಹುದು. ಯಾವುದಕ್ಕೂ ಬಗ್ಗದಿದ್ದರೆ ಬಂದ ಅಪ್‌ಡೇಟನ್ನೇ ತೆಗೆಯುವ ದಾರಿಯೂ ಉಂಟು. ವಿಂಡೋಸ್ ಅಪ್‌ಡೇಟಿನ ಹಿಸ್ಟರಿ ಎಂಬಲ್ಲಿ ಇತ್ತೀಚಿನದನ್ನು ತೆಗೆಯಬಹುದು. ದೊಡ್ಡ ಕಂತೆಯಾದರೆ ಸಾಮಾನ್ಯವಾಗಿ 10 ದಿನಗಳ ಒಳಗೆ ಮಾತ್ರ ಹಿಂದಿನ ಆವೃತ್ತಿಗೆ ಮರಳಲು ಅವಕಾಶ. ನಿಮ್ಮ ಬರಹಗಳನ್ನು ಬೇರೆ ಕಡೆ ಉಳಿಸಿಕೊಳ್ಳದೆ ಇದಕ್ಕೆ ಕೈಹಾಕಬೇಡಿರಿ.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅಣ್ಣನೋ ಅಕ್ಕನೋ ಶಾಲೆಯಲ್ಲಿ ಪಡೆದ ಸರ್ಕಾರಿ ಮಡಿಲ ಗಣಕ ಇನ್ನೂ ಇದೆ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಆ ಯೋಜನೆಯ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಎಂಬ ಲಿನಕ್ಸ್ ಸಹ ಇರುತ್ತಿತ್ತು. ಅದು ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ನಮ್ಮ ದೇಶದ್ದೇ ತಂತ್ರಾಂಶ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಸಹ ಕೇರಳ ಸರ್ಕಾರದ ಏರ್ಪಾಟಿನಂತೆ ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ಲಿನಕ್ಸ್‌ನಲ್ಲಿ ದನಿ ನಿಂತರೆ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂಬ ಆಜ್ಞೆಯನ್ನು ಕೊಡಬೇಕು. ಸಾಲಾಗಿ ಕಂಬಗಳು ನಿಲ್ಲುತ್ತವೆ. ಕಂಬದ ಬುಡದಲ್ಲಿ ಇಂಗ್ಲಿಷಿನ ಎಂ ಅಕ್ಷರ ಎರಡು ಸಲ ಬರೆದಿದ್ದರೆ ಅದು ಮುಚ್ಚಿದೆ ಎಂದರ್ಥ, ಎಂ ಕೀಲಿಯನ್ನು ಒತ್ತಿದರೆ ತೆರೆಯುತ್ತದೆ. ಎಫ್ 4 ಕೀಲಿ ಒತ್ತಿದರೆ ಮೈಕಿನ ಕಂಬಗಳು ಬರುತ್ತವೆ. ಅಪ್‌ಡೇಟಿನಲ್ಲಿ ಕರ್ನಲ್ ಎಂಬ ತಿರುಳೇ ಬದಲಾಗಿ ತೊಂದರೆಯಾಗಿದ್ದರೆ, ಯಂತ್ರ ಏಳುವಾಗ ಬರುವ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲನ್ನು ಆರಿಸಿ ಪರೀಕ್ಷಿಸಬಹುದು. ವಿಂಡೋಸ್‌ಗಿಂತ ಇದು ಸರಳವೆಂದು ನನ್ನ ಅಭಿಪ್ರಾಯ. ಇಷ್ಟಪಡದವರೂ ಇದ್ದಾರೆ.

ಒಂದು ಎಚ್ಚರಿಕೆಯ ಮಾತು. ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಕ್ಷಣದಲ್ಲಿ ಸರಿಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು ನಂಬಬೇಡಿರಿ. ಯಾರೋ ದೂರವಾಣಿಯಲ್ಲಿ ಕರೆಮಾಡಿ, ನಿಮ್ಮ ಯಂತ್ರವನ್ನು ಇಲ್ಲಿಂದಲೇ ಸರಿಮಾಡುತ್ತೇವೆ, ತೆರೆಯ ಮೇಲಿನ ಸಂಖ್ಯೆ ಹೇಳಿ ಎಂದರೆ ಕೂಡಲೇ ಕರೆಯನ್ನು ಮುಗಿಸಿರಿ. ದನಿ ಬರದಿದ್ದರೆ ಒಂದು ದಿನ ತಡೆದುಕೊಳ್ಳಬಹುದು. ಅಪ್ಪನ ಬ್ಯಾಂಕಿನ ಹಣ ಹೋದರೆ ತಡೆದುಕೊಳ್ಳಲಾಗದು.

ಇಷ್ಟು ಮೈಕಿನ ಚಿಂತೆ ಏಕೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಿಂದೆ ಗಣಕಯಂತ್ರದೊಡನೆ ಕೀಲಿಮಣೆಯಲ್ಲಿ ಮಾತ್ರ ವ್ಯವಹಾರ. 2017ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆಯು ಕನ್ನಡ ಸೇರಿದಂತೆ ಭಾರತದ ಎಂಟು ಭಾಷೆಗಳ ಮಾತನ್ನು ಬರಹವಾಗಿ ಬದಲಾಯಿಸುವ ಸೌಲಭ್ಯವನ್ನು ಸೇರಿಸಿತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರವು ಭಾಷಿಣಿ ಎಂಬ ಯೋಜನೆಯನ್ನು ಉದ್ಘಾಟಿಸಿತು. ಅದರಲ್ಲಿ ಯಾರು ಬೇಕಾದರೂ ತಮ್ಮ ಭಾಷೆಯ ವಾಕ್ಯಗಳನ್ನು ಓದಿ ದನಿಯನ್ನು ದಾನವಾಗಿ ಕೊಡಬಹುದು. ಯಂತ್ರವು ಕೇಳಿದ ದನಿಗಳಿಂದಲೇ ಭಾಷೆಯನ್ನು ಕಲಿಯುತ್ತದೆ. ಬೆಂಗಳೂರಿನ ಕನ್ನಡವನ್ನೂ ಧಾರವಾಡದ ಕನ್ನಡವನ್ನೂ ಅದು ಬೇಕಾದಷ್ಟು ಕೇಳೀತು. ತೆಲುಗು ತಮಿಳುಗಳ ನಡುವೆ ಬೆಳೆದ, ಡೆಂಕಣಿಕೋಟೆ, ಬಾಗಲೂರು, ತಳಿಯ ಕಡೆಯ ಕನ್ನಡವನ್ನು ಅದಕ್ಕೆ ಕೇಳಿಸುವವರು ನೀವಲ್ಲದೆ ಬೇರೆ ಯಾರಿದ್ದಾರೆ? ನಿಮ್ಮ ಮಾತನ್ನು ಅದು ತಪ್ಪು ತಪ್ಪಾಗಿ ಬರೆದರೆ ನಗಬೇಡಿರಿ, ಅದು ಇನ್ನೂ ನಿಮ್ಮಂಥವರನ್ನು ಕೇಳಿಲ್ಲ.

ಈಗ ನಮ್ಮ ಕೊಠಡಿಯಲ್ಲಿ ಒಂದು ಕಟ್ಟುನಿಟ್ಟಿದೆ. ಯಾವುದೇ ವೀಡಿಯೋ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಯಂತ್ರವನ್ನು ಹಾಕಿ, ಸೌಂಡ್ ರೆಕಾರ್ಡರ್‌ನಲ್ಲಿ ಹತ್ತು ಸೆಕೆಂಡು ಮಾತನ್ನು ಮುದ್ರಿಸಿ, ಮತ್ತೆ ಹಾಕಿ ಕೇಳಬೇಕು. ನಂತರ ಕರೆ ಮಾಡುವ ತಂತ್ರಾಂಶದಲ್ಲಿಯೂ ಅದೇ ಪರೀಕ್ಷೆ. ಹಿಂದಿನ ದಿನ ಅಪ್‌ಡೇಟ್ ಬಂದಿದ್ದರೆ ಮೇಜಿನ ಪಕ್ಕದ ಪುಸ್ತಕದಲ್ಲಿ ದಿನಾಂಕ ಬರೆಯಬೇಕು. ಈ ಪುಸ್ತಕವನ್ನು ಆ ಹತ್ತನೆಯ ತರಗತಿಯ ಹುಡುಗನೇ ಆರಂಭಿಸಿದ್ದು. ಅವನು ಈಗ ಶಾಲೆ ಬಿಟ್ಟು ಮುಂದಕ್ಕೆ ಹೋಗಿದ್ದಾನೆ, ಪುಸ್ತಕ ನಡೆಯುತ್ತಿದೆ.

ಆ ಹುಡುಗಿಯ ಕಥೆಯನ್ನು ನಾವು ಮರುವಾರ ಅದೇ ಯಂತ್ರದಲ್ಲಿ ಮುದ್ರಿಸಿ ತೀರ್ಪುಗಾರರಿಗೆ ಕಳುಹಿಸಿದೆವು. ಸ್ಪರ್ಧೆ ಮುಗಿದುಹೋದದ್ದರಿಂದ ಬಹುಮಾನದ ಮಾತು ಬರಲಿಲ್ಲ. ಆನೆ ಹೊಲಕ್ಕೆ ಬಂದಾಗ ಅಜ್ಜಿ ಕೂಗುವ ಒಂದು ಶಬ್ದದ ಅರ್ಥವೇನೆಂದು ಕೇಳಿ ಅವರು ಪತ್ರ ಬರೆದರು. ಉತ್ತರ ತಿಳಿಯಲು ಹುಡುಗಿ ಮತ್ತೆ ಅಜ್ಜಿಯ ಬಳಿಗೆ ಹೋಗಬೇಕಾಯಿತು. ಆ ಮುದ್ರಣ ಕೊಠಡಿಯ ಮೂರನೆಯ ಯಂತ್ರದಲ್ಲಿದೆ, ಬೇಕಾದವರು ಕೇಳಬಹುದು. ನಡುವೆ ಒಂದು ಕಡೆ ಶಾಲೆಯ ಗಂಟೆ ಬಾರಿಸಿದ್ದೂ ಅದರಲ್ಲಿ ಸೇರಿಕೊಂಡಿದೆ.